ಐನೂರು ರೂಬಲ್ ನೋಟಿನ ಮೇಲಿನ ಮಠ

(ಪರಂಪರೆ ಆಸಕ್ತರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಮೊದಲು ಈ ನೋಟು ನೋಡಿಬಿಡಿ. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಕೈಯಿಂದ ಕೈಗೆ ದಾಟಿಸಿ. ಸುತ್ತು ಮುಗಿದ ಮೇಲೆ ನನಗೇ ಬರಬೇಕು, ಅದೊಂದು ನೆನಪಿರಲಿ. ರಷ್ಯಾದ ಐನೂರು ರೂಬಲ್ ನೋಟು. ತಂಗಿಯ ಮಗ ಅಲ್ಲಿ ವೈದ್ಯಕೀಯ ಓದಲು ಹೋದವನು ರಜೆಗೆ ಬಂದಾಗ ತಂದುಕೊಟ್ಟದ್ದು. ಮುಂಭಾಗದಲ್ಲಿ ಪೀಟರ್ ದೊರೆಯ ಪ್ರತಿಮೆ ಇದೆ, ಒಂದು ಹಾಯಿಹಡಗಿದೆ. ಹಿಂದೆ ತಿರುಗಿಸಿ. ನೀರಿನ ಅಂಚಿನಲ್ಲಿ ಕೋಟೆ, ಕೋಟೆಯೊಳಗೆ ಬಿಳಿ ಕಟ್ಟಡಗಳು. ಅದು ಸೊಲೊವ್ಕಿ ದ್ವೀಪದ ಆರ್ಥಡಾಕ್ಸ್ ಕ್ರೈಸ್ತ ಮಠ.

ಈಗ ಕಟ್ಟಡಗಳ ನೆತ್ತಿ ನೋಡಿ. ರಷ್ಯಾದ ಚರ್ಚು ಎಂದರೆ ನಮ್ಮ ಕಣ್ಣಿಗೆ ಬರುವುದು ಈರುಳ್ಳಿಯಂಥ ಗುಮ್ಮಟ. ಈ ನೋಟಿನಲ್ಲಿ ಅದಿಲ್ಲ. ಗುಮ್ಮಟ ಇರಬೇಕಾದಲ್ಲಿ ಚೂಪು ತುದಿಯ ಮರದ ಚಾವಣಿಗಳಿವೆ, ಹುಲ್ಲಿನ ಬಣವೆಗೆ ಟೋಪಿ ಹಾಕಿದ ಹಾಗೆ. 1997ರ ಸರಣಿಯಲ್ಲಿ ಈ ನೋಟು ಬಂದಾಗ ಚಿತ್ರ ಹೀಗಿತ್ತು. 2010ರ ಮಾರ್ಪಾಟಿನಲ್ಲಿ ಅದನ್ನು ಬದಲಿಸಿದರು. ಅದೇ ಮಠ, ಅದೇ ನೀರು, ಮೇಲೆ ಮಾತ್ರ ಗುಮ್ಮಟಗಳು ಬಂದವು. ಯಾಕೆ ಬದಲಿಸಿದರು? ಮರದ ಚೂಪು ಚಾವಣಿಗಳು ಸನ್ಯಾಸಿಗಳು ಕಟ್ಟಿದ್ದಲ್ಲ. 1923ರ ಬೆಂಕಿಯಲ್ಲಿ ಗುಮ್ಮಟಗಳು ಸುಟ್ಟುಹೋದ ಮೇಲೆ, ಮಠ ಸೆರೆಮನೆಯಾಗಿದ್ದ ಕಾಲದಲ್ಲಿ ಬಂದ ಹೊದಿಕೆ ಅದು. ಹಲವು ವರ್ಷ ಇಡೀ ದೇಶ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದು ಮಠದ ಚಿತ್ರವನ್ನಲ್ಲ, ಜೈಲಿನ ಚಿತ್ರವನ್ನು.

ನನ್ನ ಇವತ್ತಿನ ಮಾತೆಲ್ಲ ಈ ಎರಡು ನೋಟುಗಳ ನಡುವಿನದು. ಜೀರ್ಣೋದ್ಧಾರ ಎನ್ನುವಾಗ ನಾವು ಯಾವ ವರ್ಷಕ್ಕೆ ಉದ್ಧಾರ ಮಾಡುತ್ತೇವೆ? ಮೂವತ್ತು ವರ್ಷ ಕಟ್ಟಡಗಳ ಕೆಲಸ ಮಾಡಿದವನು ನಾನು. ಗೋಡೆ ಕೆರೆಯುವಾಗ ಯಾವ ಪದರದ ಹತ್ತಿರ ಕೈ ನಿಲ್ಲಿಸಬೇಕು ಅನ್ನುವುದು ಗಾರೆಯವನ ಕಷ್ಟ ಎಂದುಕೊಂಡಿದ್ದೆ. ಸೊಲೊವ್ಕಿಯ ಬಗ್ಗೆ ಓದುತ್ತಾ ಹೋದಂತೆ ಅದು ಒಂದು ದೇಶದ ಕಷ್ಟವೂ ಆಗಬಹುದು ಎಂದು ತಿಳಿಯಿತು.

ಊರು ಎಲ್ಲಿದೆ ಎಂದರೆ, ರಷ್ಯಾದ ವಾಯವ್ಯ ತುದಿಯಲ್ಲಿ, ಬಿಳಿ ಸಮುದ್ರದ ನಡುವೆ. ಉತ್ತರ ಧ್ರುವವೃತ್ತ ಅಲ್ಲಿಂದ ನೂರೈವತ್ತು ಚಿಲ್ಲರೆ ಕಿಲೋಮೀಟರ್. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿ ತಿಂಗಳುಗಟ್ಟಲೆ ಹಡಗು ಓಡುವುದಿಲ್ಲ. ಈಗ ವಿಮಾನವಿದೆ, ಆಗ ಏನೂ ಇರಲಿಲ್ಲ. 1429ರಲ್ಲಿ ಸವ್ವಾತಿ ಮತ್ತು ಗೆರ್ಮಾನ್ ಎಂಬ ಇಬ್ಬರು ಸನ್ಯಾಸಿಗಳು ದೋಣಿಯಲ್ಲಿ ಅಲ್ಲಿಗೆ ಬಂದರು. ಸವ್ವಾತಿ ತೀರಿಕೊಂಡ ಮೇಲೆ ಗೆರ್ಮಾನ್ ಜೊತೆ ಜೊಸಿಮಾ ಬಂದ. 1436ರಿಂದ ಮಠದ ಲೆಕ್ಕ ಶುರು.

ಅವರು ಮೊದಲು ಇಳಿದುಕೊಂಡ ಜಾಗದ ಹತ್ತಿರ ಒಂದು ಗುಡ್ಡವಿದೆ, ಸೆಕಿರ್ನಾಯಾ. ಹೆಸರಿನ ಹಿಂದೆ ಒಂದು ಸ್ಥಳಪುರಾಣ. ದ್ವೀಪದಲ್ಲಿ ನೆಲೆಸಲು ಬಂದ ಬೆಸ್ತನೊಬ್ಬನ ಹೆಂಡತಿಯನ್ನು ಬೆಳ್ಳಗೆ ಹೊಳೆಯುವ ಇಬ್ಬರು ಯುವಕರು ಛಡಿಯಿಂದ ಹೊಡೆದು, ‘ಇದು ಸನ್ಯಾಸಿಗಳ ಜಾಗ, ಹೊರಡಿ’ ಎಂದರಂತೆ. ರಷ್ಯನ್ ಭಾಷೆಯಲ್ಲಿ ಛಡಿಯೇಟಿಗೆ ಇರುವ ಮಾತಿನಿಂದಲೇ ಗುಡ್ಡಕ್ಕೆ ಆ ಹೆಸರು. ದೇವದೂತರು ಬಡ ಬೆಸ್ತಗಿತ್ತಿಗೆ ಹೊಡೆದ ಕಥೆಯನ್ನು ಭಕ್ತಿಯಿಂದ ಹೇಳಿಕೊಂಡು ಬಂದದ್ದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೂ ಗುಡ್ಡದ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಮೊದಲ ನೂರು ವರ್ಷ ಮರದ ಕಟ್ಟಡಗಳು. ಕಲ್ಲು-ಇಟ್ಟಿಗೆಯ ಮಠ ಎದ್ದು ನಿಂತದ್ದು ಫಿಲಿಪ್ ಎಂಬ ಮಠಾಧಿಪತಿಯ ಕಾಲದಲ್ಲಿ, 16ನೇ ಶತಮಾನದ ನಡುವೆ. ಈ ಫಿಲಿಪ್ ಬಗ್ಗೆ ನಾನು ಸ್ವಲ್ಪ ಹೊತ್ತು ಮಾತಾಡುತ್ತೇನೆ, ಕ್ಷಮಿಸಿ, ಕಟ್ಟಡದವನಿಗೆ ಕಟ್ಟಡದವನ ಮೇಲೆ ಇರುವ ಪ್ರೀತಿ. ಇಟ್ಟಿಗೆ ಬೇಕು ಎಂದರೆ ದ್ವೀಪದಲ್ಲೇ ಇಟ್ಟಿಗೆ ಗೂಡು ಹಾಕಿಸಿದ. ನೀರು ಬೇಕು ಎಂದರೆ ದ್ವೀಪದ ಐವತ್ತಕ್ಕೂ ಹೆಚ್ಚು ಕೆರೆಗಳನ್ನು ಕಾಲುವೆ ತೋಡಿಸಿ ಒಂದಕ್ಕೊಂದು ಜೋಡಿಸಿ, ಮಠದ ಬೆನ್ನಿಗಿರುವ ಪವಿತ್ರ ಕೆರೆಗೆ ನೀರು ತಂದ. ಮಠ ಇರುವುದು ಕೆರೆಗೂ ಸಮುದ್ರಕ್ಕೂ ನಡುವಿನ ಸಣ್ಣ ಪಟ್ಟಿಯ ಮೇಲೆ. ಕೆರೆ ಎತ್ತರದಲ್ಲಿ, ಸಮುದ್ರ ತಗ್ಗಿನಲ್ಲಿ. ಕೆರೆಯ ನೀರು ಮಠದ ಒಳಗಿನ ಕಾಲುವೆಗಳಲ್ಲಿ ಹರಿದು, ಗಿರಣಿ ತಿರುಗಿಸಿ ಸಮುದ್ರ ಸೇರುತ್ತದೆ. ಸುಮಾರು ಮೂರೂವರೆ ಶತಮಾನದ ನಂತರ ಅದೇ ಇಳಿಜಾರಿನ ಮೇಲೆ ಸನ್ಯಾಸಿಗಳು ಜಲವಿದ್ಯುತ್ ಘಟಕ ಕೂರಿಸಿದರು, 1912ರ ಹೊತ್ತಿಗೆ ಮಠದಲ್ಲಿ ವಿದ್ಯುತ್ ದೀಪ ಉರಿಯುತ್ತಿತ್ತು.

ಭೋಜನಶಾಲೆ ಇನ್ನೊಂದು ಸೊಗಸು. ಅಷ್ಟು ದೊಡ್ಡ ಹಜಾರಕ್ಕೆ ನಡುವೆ ಒಂದೇ ಒಂದು ಕಂಬ. ಛತ್ರಿಯ ಕಡ್ಡಿಗಳ ಹಾಗೆ ಕಮಾನುಗಳು ಅದರ ಮೇಲೆ ಬಂದು ಕೂರುತ್ತವೆ. ಕೆಳ ಅಂತಸ್ತಿನಲ್ಲಿ ರೊಟ್ಟಿ ಸುಡುವ ಒಲೆಗಳು, ಅಲ್ಲಿಯ ಬಿಸಿಗಾಳಿ ಗೋಡೆಯೊಳಗಿನ ಕೊಳವೆಗಳಲ್ಲಿ ಮೇಲೇರಿ ಊಟದ ಮನೆಯನ್ನು ಬೆಚ್ಚಗಿಡುತ್ತಿತ್ತು. ಮಠದ ಹಳೆಯ ವೃತ್ತಾಂತದಲ್ಲಿ ಫಿಲಿಪ್‌ನ ಉಪಾಯಗಳ ಪಟ್ಟಿಯೇ ಇದೆ. ಕ್ವಾಸ್ ಎಂದು ಅವರದೊಂದು ಹುಳಿ ಪಾನೀಯ. ಮೊದಲು ಅದನ್ನು ಕಾಸಿ ಸುರಿಯಲು ಮಠದವರೆಲ್ಲ ಸೇರಬೇಕಿತ್ತಂತೆ. ಈಗ ಒಬ್ಬ ಹಿರಿಯ ಸನ್ಯಾಸಿ, ಐದು ಜನ ಆಳು ಸಾಕು, ಕ್ವಾಸ್ ಕೊಳವೆಯಲ್ಲಿ ತಾನಾಗಿಯೇ ಹರಿದು ಪೀಪಾಯಿ ಸೇರುತ್ತದೆ ಎಂದು ಬರೆದವನು ಹಿಗ್ಗಿದ್ದಾನೆ.

1558ರಲ್ಲಿ ಫಿಲಿಪ್ ಪ್ರಧಾನ ದೇವಾಲಯಕ್ಕೆ ಕೈಹಾಕಿದ. ಕ್ರಿಸ್ತನ ದಿವ್ಯರೂಪದರ್ಶನಕ್ಕೆ ಮೀಸಲಾದ ದೇವಾಲಯ ಅದು. 1566ರಲ್ಲಿ ಕೆಲಸ ಮುಗಿಯಿತು, ಅದೇ ವರ್ಷ ನಾಲ್ಕನೇ ಇವಾನ್ ದೊರೆ, ಅಂದರೆ ಇವಾನ್ ದಿ ಟೆರಿಬಲ್, ಫಿಲಿಪ್‌ನನ್ನು ಮಾಸ್ಕೋಗೆ ಕರೆಸಿ ಇಡೀ ಚರ್ಚಿನ ಮುಖ್ಯಸ್ಥನನ್ನಾಗಿ ಮಾಡಿದ. ಫಿಲಿಪ್ ದೊರೆಯ ಕೊಲೆಗಳನ್ನು ತುಂಬಿದ ಸಭೆಯಲ್ಲೇ ಖಂಡಿಸಿದ. 1569ರಲ್ಲಿ ದೊರೆಯ ಬಂಟ ಮಲ್ಯೂತಾ ಸ್ಕುರಾತೊವ್ ಅವನ ಉಸಿರುಗಟ್ಟಿಸಿ ಕೊಂದ.

ಕೋಟೆಗೋಡೆ ಎದ್ದದ್ದು ಆಮೇಲೆ, 1580-90ರ ದಶಕಗಳಲ್ಲಿ. ಟ್ರಿಫೋನ್ ಎಂಬ ಸನ್ಯಾಸಿ ಅದರ ಶಿಲ್ಪಿ. ಹಿಮನದಿಗಳು ತಂದು ಸುರಿದ ಗುಂಡುಬಂಡೆಗಳನ್ನು ಹೆಚ್ಚು ಕಡೆಯದೆ ಹಾಗೇ ಪೇರಿಸಿದ ಗೋಡೆ. ಸುತ್ತಳತೆ ಒಂದು ಕಿಲೋಮೀಟರ್ ಆಸುಪಾಸು, ಎಂಟು ಬುರುಜು. ಬಂಡೆಗಳ ಮೇಲೆ ಕಲ್ಲುಹೂವು ಹಬ್ಬಿ ಗೋಡೆ ತುಕ್ಕು ಹಿಡಿದಂತೆ ಕೆಂಪಗೆ ಕಾಣುತ್ತದೆ. ಆ ಕಲ್ಲುಹೂವನ್ನು ಉಜ್ಜಿ ತೆಗೆದು ‘ಸ್ವಚ್ಛ’ ಮಾಡಿಲ್ಲ ಎಂಬುದಕ್ಕೇ ನಾನು ಅಲ್ಲಿಯವರಿಗೆ ಕೈಮುಗಿಯುತ್ತೇನೆ.

ಗೋಡೆ ಕಟ್ಟಿದ ಮೇಲೆ ಅದನ್ನು ಬಳಸುವವರೂ ಬರುತ್ತಾರೆ. 17ನೇ ಶತಮಾನದಲ್ಲಿ ಪೇಟ್ರಿಯಾರ್ಕ್, ಅಂದರೆ ರಷ್ಯಾದ ಚರ್ಚಿನ ಮುಖ್ಯಸ್ಥ, ನಿಕೋನ್ ಪೂಜಾವಿಧಿಗಳನ್ನು ತಿದ್ದಿದಾಗ, ಎರಡು ಬೆರಳಲ್ಲಿ ಶಿಲುಬೆ ಗುರುತು ಮಾಡುವ ಬದಲು ಮೂರು ಬೆರಳು ಎಂಬಂಥ ತಿದ್ದುಪಡಿಗಳು, ಸೊಲೊವ್ಕಿ ಒಪ್ಪಲಿಲ್ಲ. ದೊರೆಯ ಸೈನ್ಯ 1668ರಿಂದ 1676ರವರೆಗೆ ಮಠಕ್ಕೆ ಮುತ್ತಿಗೆ ಹಾಕಿ ಕೂತಿತು. ಕೊನೆಗೆ ಒಳಗಿನವನೇ ಆದ ಫಿಯೊಕ್ತಿಸ್ತ್ ಎಂಬ ಸನ್ಯಾಸಿ ಗುಪ್ತದಾರಿ ತೋರಿಸಿದ. ಒಳಗಿದ್ದವರಲ್ಲಿ ಬದುಕುಳಿದವರು ಕೆಲವೇ ಮಂದಿ. ಅದೇ ಗೋಡೆಗೆ 1854ರಲ್ಲಿ, ಕ್ರೈಮಿಯಾ ಯುದ್ಧದ ಹೊತ್ತಿಗೆ, ಎರಡು ಬ್ರಿಟಿಷ್ ಹಡಗುಗಳು ಗುಂಡಿನ ಮಳೆ ಸುರಿಸಿದವು, ಒಬ್ಬರೂ ಸಾಯಲಿಲ್ಲ. ಮರುವರ್ಷ ಮತ್ತೆ ಬಂದ ಇಂಗ್ಲಿಷರು ಮಠದ ದನಗಳನ್ನು ಕೊಡಿ ಎಂದರು, ಮಠಾಧಿಪತಿ ಕೊಡುವುದಿಲ್ಲ ಎಂದ. ಆ ಮಾತುಕತೆ ನಡೆದ ಜಾಗದಲ್ಲಿ ನಡೆದದ್ದನ್ನೆಲ್ಲ ಕೆತ್ತಿದ ಒಂದು ಕಲ್ಲೇ ಇದೆ. ದನ ಕೊಡದ ಶಾಸನ ಎನ್ನಬಹುದೇನೋ.

ಇನ್ನು ಅಲ್ಲಿಯ ಕೆಲಸವನ್ನೆಲ್ಲ ಮಾಡಿದವರು ಯಾರು? ಸನ್ಯಾಸಿಗಳಷ್ಟೇ ಅಲ್ಲ. ಉತ್ತರದ ಹಳ್ಳಿಗಳ ರೈತರು ಹರಕೆ ಹೊತ್ತು ಬಂದು ಒಂದು ವರ್ಷ ಕೂಲಿಯಿಲ್ಲದೆ ದುಡಿಯುತ್ತಿದ್ದರು. ಅವರಿಗೆ ತ್ರುದ್ನಿಕ್ ಎಂದು ಹೆಸರು, ದುಡಿಯುವವ ಎಂದೇ ಅರ್ಥ. ಮಗು ಕಾಯಿಲೆಯಿಂದ ಎದ್ದರೆ, ಸಮುದ್ರದಲ್ಲಿ ದೋಣಿ ಮುಳುಗದೆ ಉಳಿದರೆ, ಒಂದು ವರ್ಷ ಸೊಲೊವ್ಕಿಗೆ. ಪಕ್ಕದ ಮುಕ್ಸಲ್ಮಾ ದ್ವೀಪಕ್ಕೆ ಸಮುದ್ರದ ಮೇಲೆ ಒಂದು ಕಿಲೋಮೀಟರಿಗೂ ಉದ್ದದ ಕಲ್ಲಿನ ಏರಿ ಹಾಕಿದ್ದಾರೆ, 19ನೇ ಶತಮಾನದ ಕೆಲಸ, ಸುಮ್ಮನೆ ಬಂಡೆಗಳನ್ನು ಪೇರಿಸಿದ್ದು. ಇಂದಿಗೂ ನಿಂತಿದೆ.

ಆದರೆ ಒಂದು ವಿಷಯ ಮುಚ್ಚಿಡಬಾರದು. ಸೆರೆಮನೆ ಅಲ್ಲಿಗೆ ಸೋವಿಯತ್ತರು ತಂದದ್ದಲ್ಲ. 16ನೇ ಶತಮಾನದಿಂದ 19ನೇ ಶತಮಾನದವರೆಗೂ ದೊರೆಗಳು ತಮಗಾಗದವರನ್ನು ಈ ಮಠದ ಗೋಡೆಗಳೊಳಗೆ ಕಳಿಸಿಕೊಡುತ್ತಿದ್ದರು, ಸನ್ಯಾಸಿಗಳು ಕಾಯುತ್ತಿದ್ದರು. ಉಕ್ರೇನಿನ ಯೋಧರಾದ ಜಪೊರೋಜಿಯಾ ಕೊಸಾಕರ ಕೊನೆಯ ನಾಯಕ ಪೆತ್ರೊ ಕಾಲ್ನಿಶೆವ್‌ಸ್ಕಿಯನ್ನು 1776ರಲ್ಲಿ ಇಲ್ಲಿಗೆ ತಂದರು. ಬಿಡುಗಡೆಯಾದದ್ದು 1801ರಲ್ಲಿ. ಆಗ ಅವನ ವಯಸ್ಸು ನೂರು ದಾಟಿತ್ತು ಎನ್ನುತ್ತಾರೆ. ಹೊರಗೆ ಹೋಗಿ ಏನು ಮಾಡಲಿ, ಇಲ್ಲೇ ಇರುತ್ತೇನೆ ಎಂದು ಉಳಿದು, ಎರಡು ವರ್ಷದ ನಂತರ ಅಲ್ಲೇ ತೀರಿಕೊಂಡ. ಅವನ ಸಮಾಧಿಗಲ್ಲು ಮಠದಲ್ಲಿದೆ. ‘ಪುಣ್ಯಕ್ಷೇತ್ರವೊಂದನ್ನು ನಾಸ್ತಿಕರು ಬಂದು ಜೈಲು ಮಾಡಿದರು’ ಎಂಬ ಸರಳ ಕಥೆಗೆ ಈ ಕಲ್ಲು ಅಡ್ಡ ಬರುತ್ತದೆ.

ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. 1923ರ ನಂತರ ನಡೆದದ್ದರ ಅಳತೆಯೇ ಬೇರೆ. 1920ರಲ್ಲಿ ಮಠವನ್ನು ಮುಚ್ಚಿ ಸರ್ಕಾರಿ ತೋಟ ಮಾಡಿದರು. 1923ರ ಮೇ ಕೊನೆಗೆ ಬೆಂಕಿ ಬಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೈದಿಗಳ ವಿಶೇಷ ಶಿಬಿರದ ಆದೇಶ ಬಂತು. ರಷ್ಯನ್ ಭಾಷೆಯಲ್ಲಿ ಅದರ ಮೊದಲಕ್ಷರಗಳನ್ನು ಸೇರಿಸಿದರೆ ‘ಸ್ಲೋನ್’, ಅಂದರೆ ಆನೆ. ಮುಂದೆ ದೇಶದ ತುಂಬ ಹಬ್ಬಿದ ಗುಲಾಗ್ ಎಂಬ ಕೈದಿಗಳ ದುಡಿಮೆ ಶಿಬಿರಗಳ ವ್ಯವಸ್ಥೆ ತನ್ನ ಪಾಠಗಳನ್ನು ಕಲಿತದ್ದು ಈ ಆನೆಯ ಹೊಟ್ಟೆಯಲ್ಲಿ.

ಫಿಲಿಪ್ ಕಟ್ಟಿಸಿದ ದೇವಾಲಯದಲ್ಲಿ ಹಲಗೆ ಮಂಚಗಳನ್ನು ಅಂತಸ್ತು ಅಂತಸ್ತಾಗಿ ಹೊಡೆದು ಹೊಸ ಕೈದಿಗಳನ್ನು ತುಂಬಿದರು. ಇಟ್ಟಿಗೆ ಗೂಡು, ವಿದ್ಯುತ್ ಘಟಕ, ಹಡಗುಕಟ್ಟೆ, ಎಲ್ಲವೂ ಶಿಬಿರಕ್ಕೆ ಸಿದ್ಧವಾಗಿ ಸಿಕ್ಕವು. ಮೀನು ಹಿಡಿಯುವ, ಬಲೆ ನೇಯುವ ಗುಟ್ಟು ಗೊತ್ತಿದ್ದ ಹತ್ತಾರು ಸನ್ಯಾಸಿಗಳನ್ನು ಸಂಬಳದ ಕೆಲಸಗಾರರಾಗಿ ಇಟ್ಟುಕೊಂಡರು. ಸ್ಮಶಾನದ ಸಣ್ಣ ಚರ್ಚಿನಲ್ಲಿ ಅವರಿಗೆ ಕೆಲವು ವರ್ಷ ಪೂಜೆಗೆ ಬಿಟ್ಟಿದ್ದರು ಕೂಡ. ವಿಚಿತ್ರವೆಂದರೆ ಶಿಬಿರದೊಳಗೆ ರಂಗಮಂದಿರವಿತ್ತು, ಪತ್ರಿಕೆ ಅಚ್ಚಾಗುತ್ತಿತ್ತು, ಕೈದಿಗಳೇ ನಡೆಸುತ್ತಿದ್ದ ಒಂದು ವಸ್ತುಸಂಗ್ರಹಾಲಯವೂ ಇತ್ತು. ಮಠದ ಹಳೆಯ ಐಕಾನ್‌ಗಳನ್ನು, ಅಂದರೆ ಪೂಜೆಯ ಚಿತ್ರಗಳನ್ನು, ಪಾತ್ರೆಪಡಗಗಳನ್ನು ಪಟ್ಟಿ ಮಾಡಿ ಕಾಪಾಡಿದ್ದು ಅವರು. ಸೊಲೊವ್ಕಿಯ ಮೊದಲ ಸಂರಕ್ಷಕರು ಯಾರು ಎಂದು ಕೇಳಿದರೆ ನಾನು ಆ ಕೈದಿಗಳನ್ನೇ ತೋರಿಸುತ್ತೇನೆ.

ಪಾವೆಲ್ ಫ್ಲೊರೆನ್‌ಸ್ಕಿ ಎಂಬ ಪಾದ್ರಿ, ಗಣಿತಜ್ಞ, ದಾರ್ಶನಿಕ, ಅಲ್ಲಿ ಸಮುದ್ರದ ಪಾಚಿಯಿಂದ ಅಯೋಡಿನ್ ತೆಗೆಯುವ ಕೆಲಸದಲ್ಲಿದ್ದ. 1937ರ ಡಿಸೆಂಬರಿನಲ್ಲಿ ಲೆನಿನ್‌ಗ್ರಾಡ್ ಹತ್ತಿರ ಅವನಿಗೆ ಗುಂಡಿಟ್ಟರು. ಅದೇ ವರ್ಷ ಅಕ್ಟೋಬರ್ 27ರಿಂದ ನವೆಂಬರ್ 4ರ ನಡುವೆ ಸೊಲೊವ್ಕಿಯ 1,111 ಕೈದಿಗಳನ್ನು ಸಂದರ್ಮೋಖ್ ಎಂಬ ಕಾಡಿಗೆ ಒಯ್ದು ಕೊಂದರು. ಆ ಗುಂಡಿಗಳು ಎಲ್ಲಿವೆ ಎಂದು ಪತ್ತೆಯಾದದ್ದು 1997ರಲ್ಲಿ, ಮೇಲಿನ ನೋಟಿನ ಸರಣಿಯ ವರ್ಷವೇ.

ಈಗ ಸೆಕಿರ್ನಾಯಾ ಗುಡ್ಡ. ಅದರ ನೆತ್ತಿಯಲ್ಲಿ 1862ರಲ್ಲಿ ಮುಗಿದ ಒಂದು ಚರ್ಚಿದೆ. ಚರ್ಚಿನ ಗುಮ್ಮಟದ ಮೇಲೇ ದೀಪಸ್ತಂಭ. ಕೆಳಗೆ ಪೂಜೆ, ಮೇಲೆ ಹಡಗುಗಳಿಗೆ ದೀಪ. ಶಿಬಿರದವರು ಇಡೀ ದ್ವೀಪದಲ್ಲಿ ಹುಡುಕಿ ಶಿಕ್ಷೆಯ ಕೋಣೆಗೆ ಆರಿಸಿಕೊಂಡದ್ದು ಈ ಚರ್ಚನ್ನು. ಛಡಿಯೇಟಿನ ಹೆಸರಿನ ಗುಡ್ಡ. 1929ರ ಜೂನಿನಲ್ಲಿ ಲೇಖಕ ಮ್ಯಾಕ್ಸಿಮ್ ಗಾರ್ಕಿ ಶಿಬಿರ ನೋಡಲು ಬಂದಾಗ ಸೆಕಿರ್ನಾಯಾಕ್ಕೂ ಕರೆದೊಯ್ದರು. ಅಂದು ಕೈದಿಗಳಿಗೆ ಕೈಯಲ್ಲಿ ಪತ್ರಿಕೆ ಕೊಟ್ಟು ಓದುವವರಂತೆ ಕೂರಿಸಿದ್ದರು, ಅವರು ಅದನ್ನು ತಲೆಕೆಳಗಾಗಿ ಹಿಡಿದರು, ಗಾರ್ಕಿ ಒಬ್ಬನ ಬಳಿ ಹೋಗಿ ಪತ್ರಿಕೆಯನ್ನು ನೇರ ಮಾಡಿಟ್ಟ ಎಂಬ ಕಥೆ ಕೈದಿಗಳ ಬಾಯಲ್ಲಿ ಉಳಿದಿದೆ. ನಡೆದದ್ದೋ, ಕಟ್ಟಿದ್ದೋ. ಗಾರ್ಕಿ ಹಿಂದಿರುಗಿ ಶಿಬಿರವನ್ನು ಹೊಗಳಿ ಬರೆದದ್ದಂತೂ ನಿಜ.

1939ರಲ್ಲಿ ಸೆರೆಮನೆ ಮುಚ್ಚಿತು, ನೌಕಾಪಡೆ ಬಂತು. ಯುದ್ಧದ ವರ್ಷಗಳಲ್ಲಿ ಹದಿಹರೆಯದ ಹುಡುಗರಿಗೆ ಅಲ್ಲಿ ನಾವಿಕ ತರಬೇತಿ ನಡೆಯಿತು. ಅವರೂ ಹೋದ ಮೇಲೆ ಚಾವಣಿ ಸೋರುವ, ಕಿಟಕಿ ಕಿತ್ತ ಖಾಲಿ ಕಟ್ಟಡಗಳು ಉಳಿದವು.

ಅಲ್ಲಿಂದ ದುರಸ್ತಿಯ ಕಥೆ. 1960ರ ದಶಕದಲ್ಲಿ ಮಾಸ್ಕೋದಿಂದ ವಾಸ್ತುತಜ್ಞರು ಬಂದು ಅಳತೆ ಶುರುಮಾಡಿದರು. 1967ರಲ್ಲಿ ಮ್ಯೂಸಿಯಂ ಆಯಿತು, ಅದೇ ಸುಮಾರಿಗೆ ಮಾಸ್ಕೋ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಹುಡುಗ ಹುಡುಗಿಯರು ಬೇಸಿಗೆ ರಜೆಯಲ್ಲಿ ತಂಡ ಕಟ್ಟಿಕೊಂಡು ಬಂದು ಕಸ, ಮಣ್ಣು, ಇಟ್ಟಿಗೆ ಚೂರು ಹೊರತೊಡಗಿದರು. ಯೋಚಿಸಿ ನೋಡಿ. ಮೊದಲು ಹರಕೆಯ ತ್ರುದ್ನಿಕ್, ಆಮೇಲೆ ಬಂದೂಕಿನ ಮುಂದೆ ಕೈದಿ, ಈಗ ರಜೆಯ ವಿದ್ಯಾರ್ಥಿ. ಅದೇ ಅಂಗಳ, ಅದೇ ಕಲ್ಲು, ಹೊರುವ ಬೆನ್ನು ಮಾತ್ರ ಬೇರೆ. ಅಲ್ಲಿ ಕೆಲಸದ ಋತುವೇ ನಾಲ್ಕು ತಿಂಗಳು. ಗಾರೆ ಒಣಗುವ ಮೊದಲೇ ಹಿಮ ಬೀಳುವ ಊರಲ್ಲಿ ಒಂದು ಬುರುಜು ಮುಗಿಯಲು ವರ್ಷಗಳೇ ಹಿಡಿದರೆ ನಾನಂತೂ ಆಶ್ಚರ್ಯಪಡುವುದಿಲ್ಲ.

ಆ ಕಾಲದ ಸರ್ಕಾರಕ್ಕೆ ಬೇಕಿದ್ದದ್ದು ಫಿಲಿಪ್ ಕಾಲದ ವಾಸ್ತುಶಿಲ್ಪ ಮಾತ್ರ. ದೇವರೂ ಬೇಡ, ಶಿಬಿರವೂ ಬೇಡ. ಶಿಬಿರದ ಬಗ್ಗೆ ಬಾಯಿ ಬಿಡುವ ಹಾಗಿರಲಿಲ್ಲ. ಆದ್ದರಿಂದ ಕೆರೆದದ್ದೆಲ್ಲ 16ನೇ ಶತಮಾನದವರೆಗೆ. ನಡುವೆ ಸಿಕ್ಕ ಅಡ್ಡಗೋಡೆ, ಕಂಬಿ, ಕಾವಲು ಕಿಂಡಿ, ಅವೆಲ್ಲ ‘ಇತ್ತೀಚಿನ ಸೇರ್ಪಡೆ’. ನಮ್ಮ ವೃತ್ತಿಯಲ್ಲಿ ಆ ಮಾತಿಗೆ ಅರ್ಥ ಒಂದೇ, ಒಡೆದು ಹಾಕಿ. ನಾನೂ ಎಷ್ಟೋ ಕಡತಗಳಲ್ಲಿ ಅದೇ ಮಾತು ಬರೆದು ಸಹಿ ಹಾಕಿದ್ದೇನೆ.

1989ರಲ್ಲಿ ಮ್ಯೂಸಿಯಂ ಶಿಬಿರದ ಇತಿಹಾಸದ ಪ್ರದರ್ಶನ ತೆರೆಯಿತು, ಆ ದೇಶದಲ್ಲಿ ಅಂಥ ಮೊದಲ ಪ್ರದರ್ಶನಗಳಲ್ಲಿ ಅದೊಂದು. 1990ರ ಅಕ್ಟೋಬರ್ 30ರಂದು ಸೊಲೊವ್ಕಿಯಿಂದ ತಂದ ಒಂದು ಬಂಡೆಯನ್ನು ಮಾಸ್ಕೋದ ಲುಬ್ಯಾಂಕಾ ಚೌಕದಲ್ಲಿ, ರಹಸ್ಯ ಪೊಲೀಸರ ಕಚೇರಿಯ ಎದುರೇ ಇಟ್ಟರು. ಅದಕ್ಕೆ ಐದು ದಿನ ಮುಂಚೆ, ಅಕ್ಟೋಬರ್ 25ರಂದು, ಚರ್ಚಿನ ಪರಮಸಭೆ ಮಠವನ್ನು ಮತ್ತೆ ತೆರೆಯಲು ತೀರ್ಮಾನಿಸಿತ್ತು. ಒಂದೇ ವಾರದಲ್ಲಿ ಸೊಲೊವ್ಕಿಗೆ ಇಬ್ಬರು ವಾರಸುದಾರರು ಹುಟ್ಟಿದರು. 1992ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಮೂರನೆಯವರೂ ಬಂದರು. ಅದೇ ವರ್ಷ ಆಗಸ್ಟಿನಲ್ಲಿ, ದಶಕಗಳ ಕಾಲ ಲೆನಿನ್‌ಗ್ರಾಡ್‌ನ ಧರ್ಮ-ನಾಸ್ತಿಕತೆ ಮ್ಯೂಸಿಯಂನಲ್ಲಿದ್ದ ಜೊಸಿಮಾ, ಸವ್ವಾತಿ, ಗೆರ್ಮಾನರ ಪಾರ್ಥಿವ ಅವಶೇಷಗಳನ್ನು ಪೇಟ್ರಿಯಾರ್ಕ್ ಎರಡನೇ ಅಲೆಕ್ಸಿ ಹಡಗಿನಲ್ಲಿ ಮೆರವಣಿಗೆ ಮಾಡಿ ಮಠಕ್ಕೆ ಮರಳಿಸಿದರು.

ಮಠ ಬಂತು, ಸರಿ. ದೇವಾಲಯ ಪೂಜೆಗೆ ಬೇಕು, ಕೋಣೆಗಳು ವಾಸಕ್ಕೆ ಬೇಕು. ಬಳಕೆಯಲ್ಲಿರುವ ಕಟ್ಟಡವೇ ಬದುಕುವ ಕಟ್ಟಡ ಎಂದು ನಾನೂ ನಂಬುತ್ತೇನೆ. ಬೀಗ ಹಾಕಿ ಕಾಪಾಡಿದ ಚಾವಣಿಗಿಂತ ಪ್ರತಿದಿನ ದೀಪ ಹಚ್ಚುವವನ ತಲೆಯ ಮೇಲಿನ ಚಾವಣಿ ಬೇಗ ದುರಸ್ತಿಯಾಗುತ್ತದೆ. ಆದರೆ ಸನ್ಯಾಸಿಗೆ ಶಿಬಿರದ ಗುರುತು ಏನು? ಗಾಯ. ಇತಿಹಾಸಕಾರನಿಗೆ? ಸಾಕ್ಷಿ. ಬಾಗಿಲಲ್ಲಿ ಕಾವಲುಗಾರ ಇಣುಕಲು ಕೊರೆದ ಒಂದು ತೂತನ್ನು ಇಬ್ಬರೂ ನೋಡುತ್ತಿದ್ದಾರೆ. ಒಬ್ಬ ಮುಚ್ಚು ಎನ್ನುತ್ತಾನೆ, ಇನ್ನೊಬ್ಬ ಮುಟ್ಟಬೇಡ ಎನ್ನುತ್ತಾನೆ.

2009ರಲ್ಲಿ ಮಠಾಧಿಪತಿಯನ್ನೇ ಮ್ಯೂಸಿಯಂ ನಿರ್ದೇಶಕರನ್ನಾಗಿಯೂ ನೇಮಿಸಿದರು. ಮರುವರ್ಷ ಶಿಬಿರದ ಇತಿಹಾಸದ ಹೊಸ ಪ್ರದರ್ಶನ ಕೋಟೆಯ ಹೊರಗೆ, ಹಳ್ಳಿಯಲ್ಲಿರುವ ಹಳೆಯ ಕೈದಿ ಬ್ಯಾರಕ್ ಒಂದರಲ್ಲಿ ತೆರೆಯಿತು. ಬ್ಯಾರಕ್ಕಿನಲ್ಲೇ ಬ್ಯಾರಕ್ಕಿನ ಕಥೆ ಹೇಳುವುದು ಒಳ್ಳೆಯದೇ. ಪ್ರದರ್ಶನವೂ ಗಂಭೀರವಾದದ್ದು ಎಂದೇ ಓದಿದ್ದೇನೆ. ಆದರೆ ಕೋಟೆಯೊಳಗೆ ಪವಿತ್ರತೆ, ಕೋಟೆಯ ಹೊರಗೆ ಶಿಬಿರ ಎಂದು ಗೆರೆ ಎಳೆದಂತಾಯಿತಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಸಾವಿರಾರು ಜನ ಮಲಗಿದ್ದು, ಸತ್ತದ್ದು ಗುಮ್ಮಟದ ಕೆಳಗೇ.

ಮಾತು ಮುಗಿಸುವ ಹೊತ್ತಿಗೆ ಸಭೆಯಿಂದ ಒಬ್ಬ ಹಿರಿಯರು ಎದ್ದು ಕೇಳಿದರು: “ಅಲ್ಲಾ ಸ್ವಾಮಿ, ಹಾಗಾದರೆ ಗುಮ್ಮಟ ಕಟ್ಟಬಾರದಿತ್ತೇ? ಸುಟ್ಟ ಗುಡಿ ಸುಟ್ಟ ಹಾಗೇ ಇರಬೇಕಿತ್ತೇ?” ಒಳ್ಳೆಯ ಪ್ರಶ್ನೆ. ಕಟ್ಟಲಿ ಎಂದೆ. ಗುಮ್ಮಟಗಳು ಚೆನ್ನಾಗಿಯೇ ಬಂದಿವೆ. ನನ್ನ ಕೈಗೆ ಕೆಲಸ ಕೊಟ್ಟಿದ್ದರೆ ಒಂದು ಕೋಣೆಯನ್ನು, ಒಂದೇ ಒಂದು, ಮುಟ್ಟದೆ ಬಿಡುತ್ತಿದ್ದೆ. ಕಂಬಿ, ತೂತು, ಗೋಡೆಯ ಮೇಲೆ ಉಗುರಲ್ಲಿ ಗೀರಿದ ಹೆಸರು, ಎಲ್ಲ ಇದ್ದ ಹಾಗೆ.

“ಸೆಕಿರ್ನಾಯಾ ಚರ್ಚಿನಲ್ಲಿ ಈಗ ಏನಿದೆ?” ಎಂದು ಹಿಂದಿನ ಸಾಲಿನ ಹುಡುಗಿ ಕೇಳಿದಳು. ಅಲ್ಲಿ ಮತ್ತೆ ಸನ್ಯಾಸಿಗಳಿದ್ದಾರಮ್ಮ ಎಂದೆ. ಗುಡ್ಡದ ಇಳಿಜಾರಿನಲ್ಲಿ ಗುಂಡೇಟು ತಿಂದವರ ಎಲುಬುಗಳು ಸಿಕ್ಕವು, ಆ ಜಾಗದಲ್ಲಿ ಶಿಲುಬೆ ನೆಟ್ಟು ಪ್ರಾರ್ಥನೆ ಮಾಡುತ್ತಾರೆ. ಗುಮ್ಮಟದ ಮೇಲೆ ದೀಪಸ್ತಂಭ ಇನ್ನೂ ಇದೆ, ಹಡಗುಗಳಿಗೆ ಅದರ ಅಗತ್ಯ ತಪ್ಪಿಲ್ಲ.

ಅಷ್ಟು ಹೊತ್ತಿಗೆ ನೋಟು ಸುತ್ತು ಮುಗಿಸಿ ಬಂತು. ಕೈಬೆವರಿಗೆ ತುದಿ ಸ್ವಲ್ಪ ಮಡಚಿತ್ತು. ಹಳೆಯ ಚಿತ್ರದ ನೋಟು, ಚೂಪು ಚಾವಣಿಯದು. ಹೊಸದು ನನ್ನ ಬಳಿ ಇಲ್ಲ.